ಗೋಲ್ಡ್ ಮಾನ್‌ಸ್ಟರ್ 1000: ಕಾಲ್ಗೂರ್ಲಿಯ ಒಣ ನೆಲಕ್ಕೆ ಸೈ, ನಮ್ಮ ಕೋಲಾರಕ್ಕೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿ ಕಡೆ ಬಂಗಾರ ಹುಡುಕೋಕೆ ಮೈನ್‌ಲ್ಯಾಬ್ ಕಂಪನಿಯ ಗೋಲ್ಡ್ ಮಾನ್‌ಸ್ಟರ್ 1000 ಒಳ್ಳೆ ಡಿಟೆಕ್ಟರ್, ಅಂದರೆ ನೆಲದೊಳಗಿನ ಲೋಹ ಪತ್ತೆ ಮಾಡುವ ಯಂತ್ರ. ಹೊಸಬರ ಕೈಗೆ ಕೊಡೋಕೆ ಇದಕ್ಕಿಂತ ಸುಲಭದ್ದು ನಾನು ನೋಡಿಲ್ಲ. ಆದರೆ ಇದನ್ನೇ ಕೋಲಾರಕ್ಕೆ ತರಿಸಿಕೊಂಡು ಕೆಜಿಎಫ್ ಸುತ್ತಮುತ್ತ ಓಡಾಡಿಸಿದರೆ ಏನಾದರೂ ಸಿಗುತ್ತೆ ಅಂತ ಯಾರಾದರೂ ಲೆಕ್ಕ ಹಾಕಿದ್ದರೆ, ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ. ಆಸ್ಟ್ರೇಲಿಯಾದ ಅಣ್ಣನ ಮನೆಯಿಂದ ವಾಪಸ್ ಬಂದ ಮೇಲೆ ಬಂಗಾರಪೇಟೆಯ ನೆಂಟರು, ಟೇಕಲ್ ಕಡೆಯ ಸ್ನೇಹಿತರು, ನಮ್ಮ ಬೀದಿಯ ಹುಡುಗರು ಎಲ್ಲರೂ ಕೇಳಿದ್ದು ಇದೊಂದೇ. "ಅಣ್ಣಾ, ಆ ಮಿಷನ್ ತಂದ್ರೆ ಸೈನೈಡ್ ದಿಬ್ಬದ ಮೇಲೆ ಕೆಲಸ ಮಾಡುತ್ತಾ?" ಸೈನೈಡ್ ದಿಬ್ಬ ಅಂದರೆ ಕೆಜಿಎಫ್‌ನಲ್ಲಿ ಬಂಗಾರ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಅಣ್ಣ ಕಾಲ್ಗೂರ್ಲಿಯಲ್ಲಿ ಗಣಿ ಲಾರಿಗಳ ರಿಪೇರಿ ಕೆಲಸದಲ್ಲಿದ್ದಾನೆ. ಪರ್ತ್ ನಗರದಿಂದ ಪೂರ್ವಕ್ಕೆ ಸುಮಾರು 600 ಕಿ.ಮೀ. ದೂರದ ಊರು. ಊರಿಗೆ ಅಂಟಿಕೊಂಡೇ ಸೂಪರ್ ಪಿಟ್ ಅನ್ನುವ ಬಂಗಾರದ ಗುಂಡಿ ಇದೆ, ಮೂರೂವರೆ ಕಿ.ಮೀ. ಉದ್ದ, ಒಂದೂವರೆ ಕಿ.ಮೀ. ಅಗಲ. ಅದರ ದಡದಲ್ಲಿ ನಿಂತು ಕೆಳಗೆ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ತಾತ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು ಅವರು. ನಮ್ಮ ಗಣಿ ನೆಲದೊಳಗೆ ಮೂರು ಕಿ.ಮೀ.ಗೂ ಜಾಸ್ತಿ ಆಳ ಇಳಿದಿತ್ತು. ಹೊರಗಿನಿಂದ ನೋಡಿದರೆ ಗಾಲಿ ಗೋಪುರ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಸೂಪರ್ ಪಿಟ್‌ನಲ್ಲಿ ಎಲ್ಲ ಬಿಸಿಲಿಗೆ ತೆರೆದುಕೊಂಡು ಬಿದ್ದಿದೆ. ಅಣ್ಣನ ಜೊತೆ ಕೆಲಸ ಮಾಡುವವರಲ್ಲಿ ಬಹಳ ಜನ ರಜೆ ಸಿಕ್ಕರೆ ಸಾಕು, ಗಾಡಿಯಲ್ಲಿ ನೀರಿನ ಕ್ಯಾನು, ಟೆಂಟು, ಡಿಟೆಕ್ಟರ್ ಹಾಕಿಕೊಂಡು ಉತ್ತರಕ್ಕೆ ಮೆಂಜೀಸ್, ಲಿಯೊನೋರಾ ಕಡೆ ಹೊರಟುಬಿಡುತ್ತಾರೆ. ಅಣ್ಣನಿಗೂ ಅದೇ ಹುಚ್ಚು ಹಿಡಿದಿದೆ. ನಾನು ಅಲ್ಲಿದ್ದಷ್ಟು ದಿನ ನನಗೂ ಹಿಡಿಯಿತು.

ಈಗ ಯಂತ್ರದ ವಿಷಯ. ಒಂದು ಕೋಲು, ತುದಿಯಲ್ಲಿ ಚಪ್ಪಟೆ ಕಾಯಿಲ್ (ತಂತಿ ಸುರುಳಿ), ಮೇಲೆ ಅಂಗೈಯಷ್ಟು ಡಬ್ಬಿ. ಒಟ್ಟು ಒಂದೂಕಾಲು ಕೆ.ಜಿ. ಚಿಲ್ಲರೆ ತೂಕ. ಕಾಯಿಲ್‌ನಿಂದ ಸೆಕೆಂಡಿಗೆ 45 ಸಾವಿರ ಸಲ ಬದಲಾಗುವ ಕಾಂತಕ್ಷೇತ್ರ ನೆಲಕ್ಕೆ ಹೋಗುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟು ಹುಟ್ಟುತ್ತದೆ, ಆ ಕರೆಂಟು ವಾಪಸ್ ಕಳಿಸುವ ಕ್ಷೇತ್ರವನ್ನು ಕಾಯಿಲ್ ಹಿಡಿಯುತ್ತದೆ, ಕಿವಿಗೆ ಕೀರಲು ಸದ್ದು ಬರುತ್ತದೆ. ಸಾಮಾನ್ಯವಾಗಿ ನಾಣ್ಯ ಹುಡುಕುವ ಡಿಟೆಕ್ಟರ್‌ಗಳು ಇದಕ್ಕಿಂತ ಎಷ್ಟೋ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತವೆ. ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಪುಟ್ಟ ಚೂರು ಚೆನ್ನಾಗಿ ಸಿಗುತ್ತದೆ, ಆಳ ಕಡಿಮೆ ಆಗುತ್ತದೆ. ಒಂದು ಬೇಕಾದರೆ ಇನ್ನೊಂದು ಬಿಡಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಈ ಯಂತ್ರ ಯಾವುದಕ್ಕೆ ಒಳ್ಳೆಯದು, ಯಾವುದಕ್ಕಲ್ಲ ಅಂತ ಅರ್ಧ ಗೊತ್ತಾದ ಹಾಗೆ.

ಸುಲಭ ಅಂದೆನಲ್ಲ, ಅದು ನಿಜವಾಗಿಯೂ ಸುಲಭ. ಬಟನ್ ಒತ್ತಿದರೆ ಆನ್. ನೆಲದ ಮಣ್ಣಿಗೆ ಹೊಂದಿಕೊಳ್ಳುವ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಹಳೇ ಯಂತ್ರಗಳಲ್ಲಿ ಕಾಯಿಲ್ ಮೇಲೆ ಕೆಳಗೆ ಆಡಿಸುತ್ತಾ ಗುಂಡಿ ತಿರುಗಿಸುತ್ತಾ ಇದನ್ನು ಕೈಯಿಂದ ಮಾಡಬೇಕಿತ್ತು, ಅದನ್ನು ಕಲಿಯೋಕೇ ಎಷ್ಟೋ ದಿನ ಹಿಡಿಯುತ್ತಿತ್ತು ಅಂತ ಅಣ್ಣನ ಸ್ನೇಹಿತರೊಬ್ಬರು ಹೇಳಿದರು. ಎಷ್ಟು ಸೂಕ್ಷ್ಮವಾಗಿ ಕೇಳಬೇಕು ಅನ್ನೋದನ್ನೂ ಆಟೋಗೆ ಬಿಡಬಹುದು, ಬೇಕಾದರೆ ಕೈಯಿಂದ ಏರಿಸಿ ಇಳಿಸಬಹುದು. ಜೊತೆಗೆ ಎರಡು ಕಾಯಿಲ್ ಬರುತ್ತವೆ, ಹತ್ತಿಂಚು ಉದ್ದದ ಮೊಟ್ಟೆಯಾಕಾರದ್ದು ಒಂದು, ಐದಿಂಚಿನ ದುಂಡಗಿನದು ಒಂದು. ಬಯಲಿಗೆ ದೊಡ್ಡದು, ಪೊದೆ ಸಂದಿಗೆ, ಬಂಡೆ ಸಂದಿಗೆ ಸಣ್ಣದು. ಚಾರ್ಜ್ ಮಾಡುವ ಬ್ಯಾಟರಿ ಜೊತೆಗೆ ಸಾಮಾನ್ಯ ಪೆನ್ಸಿಲ್ ಸೆಲ್ ಹಾಕುವ ಹೋಲ್ಡರ್ ಕೂಡ ಇದೆ. ಕರೆಂಟೇ ಇಲ್ಲದ ಕಡೆ ಎರಡು ಮೂರು ದಿನ ಟೆಂಟ್ ಹಾಕುವವರಿಗೆ ಇದು ಎಷ್ಟು ಉಪಕಾರ ಅಂತ ಅಲ್ಲಿಗೆ ಹೋದ ಮೇಲೇ ಗೊತ್ತಾಗೋದು.

ಊರು ಬಿಡುವ ಮೊದಲು ಹಿತ್ತಲಲ್ಲಿ ಒಂದು ಪರೀಕ್ಷೆ ಮಾಡಿದೆವು. ಅತ್ತಿಗೆ ತಮ್ಮ ಮೂಗುಬೊಟ್ಟು ಬಿಚ್ಚಿ ಕೊಟ್ಟರು. ಪ್ಲಾಸ್ಟಿಕ್ ತಟ್ಟೆಯಲ್ಲಿ ಇಟ್ಟು ಸಣ್ಣ ಕಾಯಿಲ್ ಮೇಲಿನಿಂದ ಆಡಿಸಿದರೆ ನಾಲ್ಕು ಬೆರಳು ದೂರದಿಂದಲೇ ಸದ್ದು ಬಂತು. ಇನ್ನೂ ಮೇಲೆ ಎತ್ತಿದರೆ ಇಲ್ಲ. ಮೂಗುಬೊಟ್ಟಿನಷ್ಟು ಬಂಗಾರಕ್ಕೆ ಇದರ ಕೈ ಎಟುಕುವುದು ಅಷ್ಟು ದೂರ. "ಹತ್ತಡಿ ಆಳಕ್ಕೆ ನೋಡುತ್ತಾ" ಅಂತ ಕೇಳುವವರು ಈ ನಾಲ್ಕು ಬೆರಳನ್ನು ನೆನಪಿಟ್ಟುಕೊಳ್ಳಿ.

ಮೊದಲ ಚೂರು ಸಿಕ್ಕಿದ್ದು ಮೆಂಜೀಸ್‌ನ ಆಚೆ, ಒಂದು ಒಣಗಿದ ಹಳ್ಳದ ದಂಡೆಯಲ್ಲಿ. ಕೆಂಪು ಮಣ್ಣು, ಮೇಲೆಲ್ಲ ಕಪ್ಪು ಕಬ್ಬಿಣದ ಕಲ್ಲಿನ ಗುಂಡುಗಳು, ನಡುನಡುವೆ ಬಿಳೀ ಬೆಣಚು ಕಲ್ಲಿನ ಚೂರು. ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ ಇಟ್ಟು ನಿಧಾನಕ್ಕೆ ಎಡಕ್ಕೆ ಬಲಕ್ಕೆ ಬೀಸುತ್ತಾ ಹೋಗುತ್ತಿದ್ದೆ. ಕಿವಿಯಲ್ಲಿ ಚಿಕ್ಕದೊಂದು ಕೀರಲು. ಅದೇ ಜಾಗದಲ್ಲಿ ಅಡ್ಡಕ್ಕೆ ಬೀಸಿದೆ, ಮತ್ತೆ ಅದೇ ಸದ್ದು. ಬೂಟಿನಿಂದ ಒಂದಿಂಚು ಮಣ್ಣು ಕೆರೆದೆ. ಸದ್ದು ಇನ್ನೂ ಚೂಪಾಯಿತು. ಇನ್ನಷ್ಟು ಕೆರೆದಾಗ ಗುಂಡಿಯಲ್ಲಿ ಸದ್ದಿಲ್ಲ, ಪಕ್ಕದ ಮಣ್ಣಿನ ಗುಡ್ಡೆಯಲ್ಲಿ ಇದೆ. ಇಲ್ಲಿಂದ ಪ್ಲಾಸ್ಟಿಕ್ ಬಟ್ಟಲಿನ ಕೆಲಸ. ಒಂದು ಹಿಡಿ ಮಣ್ಣು ಬಟ್ಟಲಿಗೆ ತುಂಬಿ ಕಾಯಿಲ್ ಮುಂದೆ ಆಡಿಸೋದು. ಸದ್ದು ಬಂದರೆ ಅರ್ಧ ಮಣ್ಣನ್ನು ಇನ್ನೊಂದು ಕೈಗೆ ಸುರಿದು ಮತ್ತೆ ನೋಡೋದು. ಯಾವ ಅರ್ಧದಲ್ಲಿ ಸದ್ದಿದೆಯೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲೋದು. ಹೀಗೆ ಅರ್ಧ ಅರ್ಧ ಮಾಡುತ್ತಾ ಬಂದರೆ ಕೊನೆಗೆ ಒಂದು ಚಿಟಿಕೆ ಮಣ್ಣು ಉಳಿಯುತ್ತದೆ. ಅದನ್ನು ಕಾಯಿಲ್ ಮೇಲೇ ಉದುರಿಸಿ ಬೆರಳಿನಿಂದ ಒಂದೊಂದೇ ಕಣ ಸರಿಸಿದೆವು. ಕೆಂಪು ಧೂಳು ಮೆತ್ತಿದ್ದ ಒಂದು ಕಣ ಮುಟ್ಟಿದಾಗ ಕೀ ಅಂದಿತು. ಎಂಜಲು ಹಚ್ಚಿ ಉಜ್ಜಿದರೆ ಹಳದಿ. ಅಕ್ಕಿಕಾಳಿನ ಅರ್ಧದಷ್ಟು ಇರಬಹುದು. ಆದರೂ ಆ ಅಂಗೈಯ ಬಂಗಾರವನ್ನು ನನಗಿಂತ ಮೊದಲು ಯಾವ ಮನುಷ್ಯನೂ ಮುಟ್ಟಿರಲಿಲ್ಲ. ಆ ಖುಷಿಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಇಂಥದ್ದೊಂದು ಸಿಗುವ ಮುಂಚೆ ಎಷ್ಟು ಕಸ ಸಿಗುತ್ತೆ ಅನ್ನೋದನ್ನೂ ಹೇಳಬೇಕು. ಬೂಟಿನ ಮೊಳೆ, ತಂತಿ ತುಂಡು, ಡಬ್ಬಿಯ ತಗಡು, ಬಂದೂಕಿನ ಸೀಸದ ಗುಂಡು. ನೂರಿಪ್ಪತ್ತು ನೂರಮೂವತ್ತು ವರ್ಷದಿಂದ ಜನ ಓಡಾಡಿದ ನೆಲ ಅದು. ಯಂತ್ರದ ಪರದೆಯಲ್ಲಿ ಇದು ಕಬ್ಬಿಣವೋ ಬಂಗಾರವೋ ಅಂತ ಅಂದಾಜು ತೋರಿಸುವ ಸಣ್ಣ ಗೆರೆಗಳಿವೆ, ಕಬ್ಬಿಣವನ್ನು ಬಿಟ್ಟುಬಿಡುವ ಮೋಡ್ ಕೂಡ ಇದೆ. ಕಬ್ಬಿಣದ ಕಸ ತುಂಬಿದ ಹಳೇ ಬಿಡಾರದ ಜಾಗದಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಉಳಿದ ಕಡೆ ನಾವು ಎಲ್ಲ ಸದ್ದನ್ನೂ ಅಗೆದೇ ನೋಡಿದೆವು. ಸೀಸ ಮತ್ತು ಬಂಗಾರ ಎರಡೂ ಒಂದೇ ಥರ ಕೂಗುತ್ತವೆ. ಇದನ್ನು ಬೇರೆ ಮಾಡುವ ಡಿಟೆಕ್ಟರ್ ಇಲ್ಲ. ಅಗೆಯಬೇಕು, ಅಷ್ಟೇ.

ಇನ್ನು ಈ ಜಾತಿಯ ಎಲ್ಲ ಯಂತ್ರಗಳಿಗೂ ಇರುವ ಮಿತಿ. ಕಬ್ಬಿಣದ ಅಂಶ ಜಾಸ್ತಿ ಇರುವ ಕಲ್ಲುಗಳು ಸುತ್ತಲಿನ ಮಣ್ಣಿಗಿಂತ ಬೇರೆ ಥರ ಇದ್ದರೆ ಲೋಹದ ಹಾಗೇ ಸದ್ದು ಮಾಡುತ್ತವೆ. ಅಲ್ಲಿಯವರು ಇವನ್ನು ಹಾಟ್ ರಾಕ್ ಅನ್ನುತ್ತಾರೆ. ಉಪ್ಪಿನ ನೆಲದಲ್ಲಂತೂ ಸುಮ್ನೆ ನಿಂತರೂ ಕೂಗಾಟ. ಕಾಲ್ಗೂರ್ಲಿ ಸುತ್ತ ಉಪ್ಪಿನ ಒಣ ಸರೋವರಗಳು ಬಹಳ ಇವೆ, ಅವುಗಳ ಅಂಚಿಗೆ ಈ ಯಂತ್ರ ತೆಗೆದುಕೊಂಡು ಹೋಗಬೇಡಿ. ಅಂಥ ನೆಲಕ್ಕೂ, ಆಳದ ದೊಡ್ಡ ಗಟ್ಟಿಗಳಿಗೂ ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ವಿಧಾನದ ಡಿಟೆಕ್ಟರ್ ಬೇಕು. ಅದು ಬಿಟ್ಟು ಬಿಟ್ಟು ಜೋರಾಗಿ ಮಿಡಿದು, ನಡುವಿನ ಮೌನದಲ್ಲಿ ಕೇಳಿಸಿಕೊಳ್ಳುತ್ತದೆ. ಅದರ ಬೆಲೆ ಇದರ ಹಲವು ಪಟ್ಟು. ಗೋಲ್ಡ್ ಮಾನ್‌ಸ್ಟರ್‌ಗೇ ಸಾವಿರ ಡಾಲರ್ ಮೇಲಾಗುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಒಳ್ಳೆ ಸ್ಕೂಟರಿನ ದುಡ್ಡು. ಹವ್ಯಾಸಕ್ಕೆ ಅಂತ ನೋಡಿದರೆ ಇದೇ ಸಾಕು. ಡಬ್ಬಿ ಭಾಗಕ್ಕೆ ನೀರು ಬೀಳದ ಹಾಗೆ ನೋಡಿಕೊಳ್ಳಿ, ನೀರಿಗೆ ಇಳಿಸೋಕೆ ಆಗೋದು ಕಾಯಿಲ್ ಮಾತ್ರ. ಮರುಭೂಮಿಯಲ್ಲಿ ಅದೊಂದು ಚಿಂತೆ ಕಡಿಮೆ ಬಿಡಿ.

ಜೊತೆಗೆ ಬೇಕಾದದ್ದು ಒಂದು ಸಣ್ಣ ಪಿಕಾಸಿ, ಅದರ ತಲೆಗೆ ಅಂಟಿಸಿದ ಬಲವಾದ ಅಯಸ್ಕಾಂತ, ಪ್ಲಾಸ್ಟಿಕ್ ಬಟ್ಟಲು, ಸಿಕ್ಕಿದ್ದು ಹಾಕೋಕೆ ಬಿಗಿ ಮುಚ್ಚಳದ ಪುಟ್ಟ ಸೀಸೆ. ಅಯಸ್ಕಾಂತ ಮುಖ್ಯ. ಕೆರೆದ ಮಣ್ಣಿನ ಮೇಲೆ ಒಂದು ಸಲ ಆಡಿಸಿದರೆ ಕಬ್ಬಿಣದ ಮೊಳೆ ಅದಕ್ಕೇ ಅಂಟಿಕೊಂಡು ಬರುತ್ತದೆ, ಅರ್ಧ ಗಂಟೆ ಹುಡುಕಾಟ ಉಳಿಯುತ್ತದೆ. ಕಾಯಿಲ್‌ಗೆ ಹಾಕುವ ಹೆಚ್ಚುವರಿ ಕವರ್ ಒಂದನ್ನು ಅಣ್ಣ ಯಾರೋ ಆನ್‌ಲೈನ್ ಮಾರಾಟಗಾರರಿಂದ ತರಿಸಿದ್ದ. ಅದು ಸಡಿಲವಾಗಿತ್ತು, ಒಳಗೆ ಕಪ್ಪು ಮಣ್ಣು ಸೇರಿಕೊಂಡು ಹುಸಿ ಸದ್ದು ಬರುತ್ತಿತ್ತು. ಬಿಚ್ಚಿ ಒರೆಸಿದರೆ ಸರಿ, ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಎತ್ತಿಟ್ಟು ಯಂತ್ರದ ಜೊತೆ ಬಂದ ಕವರನ್ನೇ ಹಾಕಿದೆವು. ದುಡ್ಡೂ ಸಿಗಲಿಲ್ಲ, ಉತ್ತರವೂ ಬರಲಿಲ್ಲ. ಬಿಡಿ ಭಾಗ ಬೇಕಾದರೆ ಎದುರಿಗೆ ಕೂರಿಸಿ ನೋಡಿ ತೆಗೆದುಕೊಳ್ಳುವ ಅಂಗಡಿಯೇ ಮೇಲು.

ಆ ನೆಲದ ಬಗ್ಗೆ ನಾಲ್ಕು ಮಾತು ಹೇಳದೆ ಯಂತ್ರದ ಬಗ್ಗೆ ಮಾತ್ರ ಬರೆದರೆ ತಪ್ಪಾಗುತ್ತದೆ. ನಾವು ಬರಗಾಲದ ಜಿಲ್ಲೆಯವರು, ಬಿಸಿಲು ನಮಗೇನು ಹೊಸದಾ ಅಂತ ಅಂದುಕೊಳ್ಳಬೇಡಿ. ಕಾಲ್ಗೂರ್ಲಿಯಲ್ಲಿ ವರ್ಷಕ್ಕೆ ಮಳೆ 260 ಮಿ.ಮೀ. ಆಸುಪಾಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಹೊರಗೆ ಹೋಗುವುದೇ ಬೇಡ. ಅಲ್ಲಿಯ ಚಳಿಗಾಲ ಅಂದರೆ ನಮ್ಮ ಜೂನ್, ಜುಲೈ, ಆಗಸ್ಟ್. ಆಗ ಹಗಲು ಹಿತವಾಗಿರುತ್ತದೆ, ರಾತ್ರಿ ಚಳಿಗೆ ಹಲ್ಲು ಕಡಿಯುತ್ತೆ. ಕೆರೆ ಇಲ್ಲ, ಬಾವಿ ಇಲ್ಲ, ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಫೋನ್ ಸಿಗ್ನಲ್ ಇಲ್ಲ, ಎಲ್ಲಿ ನೋಡಿದರೂ ಒಂದೇ ಥರದ ಪೊದೆ, ಒಂದೇ ಥರದ ಕೆಂಪು, ತಲೆ ತಗ್ಗಿಸಿ ಸದ್ದಿನ ಹಿಂದೆ ಹೋಗುತ್ತಾ ಹೋಗುತ್ತಾ ಅರ್ಧ ಗಂಟೆಯಲ್ಲಿ ಗಾಡಿ ಯಾವ ಕಡೆ ಇದೆ ಅಂತಲೇ ಗೊತ್ತಾಗದ ಹಾಗಾಗುತ್ತದೆ. ಅದಕ್ಕೆ ಜಿಪಿಎಸ್‌ನಲ್ಲಿ ಗಾಡಿಯ ಜಾಗ ಗುರುತು ಹಾಕಿಕೊಂಡೇ ಇಳಿಯಬೇಕು. ಉಪಗ್ರಹಕ್ಕೆ ಅಪಾಯದ ಸಂದೇಶ ಕಳಿಸುವ ಬೀಕನ್ ಒಂದು ಜೇಬಿನಲ್ಲಿರಲಿ. ಎಲ್ಲಿಗೆ ಹೋಗುತ್ತೀವಿ, ಯಾವಾಗ ಬರುತ್ತೀವಿ ಅಂತ ಅತ್ತಿಗೆಗೆ ಬರೆದುಕೊಟ್ಟೇ ಅಣ್ಣ ಹೊರಡೋದು. ಇನ್ನೊಂದು ಅಪಾಯ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ, ಬಾಯಿ ಮುಚ್ಚದೆ ಬಿಟ್ಟ ಹಳೇ ಗಣಿ ಬಾವಿಗಳು. ಪೊದೆ ಮರೆಯಲ್ಲಿ ದಿಢೀರ್ ಅಂತ ಎದುರಾಗುತ್ತವೆ. ಅಂಚಿನ ಮಣ್ಣು ಕುಸಿಯುತ್ತದೆ. ಇಣುಕಿ ನೋಡೋಕೆ ಹೋಗಬೇಡಿ.

ಕಾಗದಪತ್ರ ಕೂಡ ಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹವ್ಯಾಸಕ್ಕೆ ಬಂಗಾರ ಹುಡುಕುವವರಿಗೂ ಮೈನರ್ಸ್ ರೈಟ್ ಅನ್ನುವ ಪರವಾನಗಿ ಕಡ್ಡಾಯ. ಅದಿದ್ದರೂ ಎಲ್ಲೆಂದರಲ್ಲಿ ಅಗೆಯುವ ಹಾಗಿಲ್ಲ. ಬೇರೆಯವರ ಗಣಿ ಹಕ್ಕಿರುವ ಜಾಗ ಯಾವುದು ಅಂತ ಅಲ್ಲಿಯ ಗಣಿ ಇಲಾಖೆಯ ಆನ್‌ಲೈನ್ ನಕ್ಷೆಯಲ್ಲಿ ನೋಡಿಕೊಳ್ಳಬೇಕು, ಕುರಿ ದನ ಮೇಯಿಸುವ ಗುತ್ತಿಗೆ ಜಮೀನಾದರೆ ಅವರಿಗೆ ಮೊದಲೇ ತಿಳಿಸಬೇಕು. ಅಗೆದ ಗುಂಡಿ ಪ್ರತಿಯೊಂದನ್ನೂ ಮುಚ್ಚಬೇಕು. ಈ ಶಿಸ್ತು ನನಗೆ ತುಂಬಾ ಹಿಡಿಸಿತು. ಬೆರಳುದ್ದದ ಗುಂಡಿಯನ್ನೂ ಅಣ್ಣ ಕಾಲಿನಿಂದ ಮುಚ್ಚಿ, ತುಳಿದು, ಆಮೇಲೆ ಮುಂದೆ ಹೋಗುತ್ತಿದ್ದ.

ಯಂತ್ರ ಸುಮ್ಮನಿದ್ದ ದಿನಗಳಲ್ಲಿ ನಾನು ಕಲ್ಲು ಆರಿಸಿದೆ. ಬಂಗಾರಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಇದೇ ಅಂದರೂ ತಪ್ಪಿಲ್ಲ. ಕೆಂಪು ಕಪ್ಪು ಪಟ್ಟೆ ಪಟ್ಟೆಯಾಗಿರುವ ಕಬ್ಬಿಣದ ಕಲ್ಲು ಅಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಒದ್ದೆ ಮಾಡಿದರೆ ಪಟ್ಟೆಗಳು ಎದ್ದು ಕಾಣುತ್ತವೆ. ಇದೇ ಜಾತಿಯ ಕಲ್ಲು ನಮ್ಮಲ್ಲೂ ಇದೆ, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ನೋಡಬಹುದು. ಕಪ್ಪಗೆ ಭಾರವಾದ, ಅಯಸ್ಕಾಂತಕ್ಕೆ ಅಂಟುವ ಕಲ್ಲು ಸಿಕ್ಕಾಗ ಉಲ್ಕೆಯ ಚೂರು ಇರಬಹುದಾ ಅಂತ ಆಸೆ ಆಗುತ್ತೆ. ಬಹುತೇಕ ಅದು ನೆಲದ ಕಬ್ಬಿಣದ ಕಲ್ಲೇ ಆಗಿರುತ್ತದೆ. ಒಂದು ವೇಳೆ ನಿಜವಾಗಿ ಉಲ್ಕಾಶಿಲೆಯೇ ಆದರೆ ಪಶ್ಚಿಮ ಆಸ್ಟ್ರೇಲಿಯಾದ ಕಾನೂನಿನಲ್ಲಿ ಅದು ಸರ್ಕಾರದ್ದು, ಅಲ್ಲಿಯ ಮ್ಯೂಸಿಯಂಗೆ ಸೇರಬೇಕು. ಜೇಬಿಗೆ ಹಾಕಿಕೊಂಡು ಬರುವ ಹಾಗಿಲ್ಲ.

ಈಗ ಕೋಲಾರದವರ ಪ್ರಶ್ನೆಗೆ ಬರೋಣ. ಅಲ್ಲಿ ಕೆಲಸ ಮಾಡೋದು ಇಲ್ಲಿ ಯಾಕೆ ಮಾಡಲ್ಲ? ಎರಡೂ ಬಂಗಾರದ ನಾಡೇ ಅಲ್ವಾ?

ಹೌದು, ವಯಸ್ಸೂ ಹತ್ತಿರ ಹತ್ತಿರ ಒಂದೇ. ಕೋಲಾರದ ಕಪ್ಪು ಪಟ್ಟಿ, ಅಂದರೆ ಸುಮಾರು 80 ಕಿ.ಮೀ. ಉದ್ದ, ಮೂರು ನಾಲ್ಕು ಕಿ.ಮೀ. ಅಗಲಕ್ಕೆ ತೆಂಕಣದಿಂದ ಬಡಗಣಕ್ಕೆ ಹೋಗುವ ಶಿಲೆಯ ಪಟ್ಟಿ, ಮತ್ತು ಕಾಲ್ಗೂರ್ಲಿಯ ಶಿಲೆ ಎರಡೂ ಸುಮಾರು 270 ಕೋಟಿ ವರ್ಷ ಹಳೆಯವು. ಎರಡೂ ಕಡೆ ಹಳೇ ಲಾವಾ ಕಲ್ಲಿನ ಸೀಳುಗಳಲ್ಲಿ ಬಿಸಿನೀರು ಹರಿದು ಬಂಗಾರ ಬಿಟ್ಟು ಹೋಗಿದೆ. ವ್ಯತ್ಯಾಸ ಆಮೇಲಿನದು. ಅಲ್ಲಿಯ ನೆಲ ಎಷ್ಟೋ ಕೋಟಿ ವರ್ಷ ಸಮತಟ್ಟಾಗಿ ಬಿದ್ದುಕೊಂಡಿದೆ. ಮೇಲಿನ ಕಲ್ಲು ಆಳದವರೆಗೂ ಕೊಳೆತು ಕೆಂಪು ಜಂಬಿಟ್ಟಿಗೆ ಆಗಿದೆ, ಕಲ್ಲು ಕರಗಿದಂತೆ ಒಳಗಿದ್ದ ಬಂಗಾರದ ಗಟ್ಟಿಗಳು ಬಿಡಿಸಿಕೊಂಡಿವೆ, ಹೊತ್ತುಕೊಂಡು ಹೋಗೋಕೆ ದೊಡ್ಡ ನದಿ ಇಲ್ಲ, ಹಾಗಾಗಿ ಹೆಚ್ಚಿನವು ಹುಟ್ಟಿದ ಜಾಗದ ಆಸುಪಾಸಿನಲ್ಲೇ, ಮೇಲ್ಮಣ್ಣಿನಲ್ಲೇ ಉಳಿದಿವೆ. 1893ರಲ್ಲಿ ಬಂಗಾರ ಹುಡುಕಿಕೊಂಡು ಬಂದಿದ್ದ ಪ್ಯಾಡಿ ಹ್ಯಾನನ್ ಮತ್ತು ಅವನ ಜೊತೆಯ ಇಬ್ಬರಿಗೆ ಕಾಲ್ಗೂರ್ಲಿಯಲ್ಲಿ ಬಂಗಾರ ಸಿಕ್ಕಿದ್ದು ಹೀಗೆ ನೆಲದ ಮೇಲೇ. ಆಗ ಜರಡಿ ಹಿಡಿದು ತೊಳೆಯೋಕೆ ನೀರೇ ಇರಲಿಲ್ಲ. ಅದಕ್ಕೆ ಜನ ಕಣದಲ್ಲಿ ರಾಗಿ ತೂರಿದ ಹಾಗೆ ಮಣ್ಣನ್ನು ಗಾಳಿಗೆ ತೂರಿದರು, ಹಗುರ ಧೂಳು ಹಾರಿ ಹೋಗಿ ಭಾರದ ಬಂಗಾರ ತಟ್ಟೆಯಲ್ಲಿ ಉಳಿಯುತ್ತಿತ್ತು. ಬಂಗಾರ ನೀರಿಗಿಂತ 19 ಪಟ್ಟು ತೂಕ, ಬೆಣಚು ಕಲ್ಲು ಎರಡೂವರೆ ಪಟ್ಟು ಚಿಲ್ಲರೆ ಅಷ್ಟೇ. ಪರ್ತ್ ಹತ್ತಿರದಿಂದ ಐನೂರು ಕಿ.ಮೀ.ಗೂ ಉದ್ದದ ಕೊಳವೆಯಲ್ಲಿ ಕಾಲ್ಗೂರ್ಲಿಗೆ ನೀರು ಬಂದಿದ್ದು 1903ರಲ್ಲಿ. ಅದರ ಹಿಂದಿನ ವರ್ಷ, 1902ರಲ್ಲಿ, ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ಕರೆಂಟು ಬಂದಿತ್ತು. ಎರಡು ಬಂಗಾರದ ಊರು, ಒಂದಕ್ಕೆ ಕರೆಂಟು, ಒಂದಕ್ಕೆ ನೀರು, ಒಂದು ವರ್ಷದ ಅಂತರದಲ್ಲಿ.

ನಮ್ಮ ಕಡೆಯೂ ಒಂದು ಕಾಲಕ್ಕೆ ಜನ ಮಣ್ಣು ತೊಳೆದು ಬಂಗಾರ ತೆಗೆಯುತ್ತಿದ್ದರು. 1802ರಲ್ಲಿ ಜಾನ್ ವಾರನ್ ಅನ್ನುವ ಬ್ರಿಟಿಷ್ ಸೇನೆಯ ಅಧಿಕಾರಿ ಇದನ್ನು ಕಣ್ಣಾರೆ ಕಂಡಿದ್ದ. ಆದರೆ ಸಿಗುತ್ತಿದ್ದದ್ದು ಕಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಸಿಕ್ಕ ನಿಜವಾದ ಬಂಗಾರ ಇದ್ದದ್ದು ಬೆಣಚು ಕಲ್ಲಿನ ಪಟ್ಟೆಯೊಳಗೆ, ಆಳದಲ್ಲಿ. ಗಣಿ ಮುಚ್ಚುವ ಕಾಲಕ್ಕೆ ಒಂದು ಟನ್ ಅದಿರಿಗೆ ಮೂರು ನಾಲ್ಕು ಗ್ರಾಂ ಸಿಗುತ್ತಿತ್ತು. ಲೆಕ್ಕ ಹಾಕಿ ನೋಡಿ. ಅಂಥ ಅದಿರಿನ ಅರ್ಧ ಕೆ.ಜಿ. ಕಲ್ಲು ಕೈಯಲ್ಲಿ ಹಿಡಿದರೆ ಅದರಲ್ಲಿರುವ ಬಂಗಾರ ಎರಡು ಮಿಲಿಗ್ರಾಂ. ಅದೂ ಒಂದೇ ಚೂರಾಗಿ ಅಲ್ಲ, ಕಣ್ಣಿಗೆ ಕಾಣದ ನೂರಾರು ಕಣವಾಗಿ ಕಲ್ಲಿನ ತುಂಬ ಹರಡಿಕೊಂಡಿರುತ್ತದೆ. ಡಿಟೆಕ್ಟರ್‌ಗೆ ಒಂದು ಕಡೆ ಸೇರಿದ ಲೋಹ ಬೇಕು. ಹರಡಿದ ಕಣ ಎಷ್ಟಿದ್ದರೂ ಅದಕ್ಕೆ ಕೇಳಿಸೋದೇ ಇಲ್ಲ.

ಸೈನೈಡ್ ದಿಬ್ಬದ ಕಥೆ ಇದಕ್ಕಿಂತ ಸ್ಪಷ್ಟ. ಅದು ಅದಿರನ್ನು ನುಣ್ಣಗೆ ಅರೆದು ಬಂಗಾರ ತೆಗೆದ ಮೇಲೆ ಉಳಿದ ಪುಡಿ. ಅದರಲ್ಲಿ ಇನ್ನೂ ಬಂಗಾರ ಇದೆ ಅನ್ನೋದು ನಿಜ, ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲದಷ್ಟು. ದೊಡ್ಡ ಕಾರ್ಖಾನೆ ಹಾಕಿ ಲಕ್ಷಗಟ್ಟಲೆ ಟನ್ ಸಂಸ್ಕರಿಸುವವರಿಗೆ ಮಾತ್ರ ಅದು ಲೆಕ್ಕಕ್ಕೆ ಬರುವ ಬಂಗಾರ. ಅಲ್ಲಿ ಈ ಯಂತ್ರ ಹಿಡಿದು ಓಡಾಡಿದರೆ ಸಿಗೋದು ಹಳೇ ಮೊಳೆ, ತಂತಿ. ಜೊತೆಗೆ ಆ ಧೂಳು ಆರೋಗ್ಯಕ್ಕೆ ಕೆಟ್ಟದ್ದು, ಗಾಳಿ ಬೀಸಿದಾಗ ಊರಿನ ಜನ ಅದನ್ನು ಕುಡಿದು ಬದುಕಿದ್ದಾರೆ, ಅದರ ಮೇಲೆ ಹತ್ತಿ ಕೆದಕಬೇಡಿ. ಗಣಿಯ ಜಾಗಕ್ಕೆ ಅನುಮತಿ ಇಲ್ಲದೆ ನುಗ್ಗುವುದೂ ಅಪರಾಧ. ನಮ್ಮ ದೇಶದಲ್ಲಿ ಹವ್ಯಾಸಕ್ಕೆ ಬಂಗಾರ ಹುಡುಕೋಕೆ ಅಲ್ಲಿಯ ಥರ ಪರವಾನಗಿ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಕೆಳಗೆ ಖನಿಜ ಹುಡುಕೋಕೂ ಸರ್ಕಾರದ ಲೈಸೆನ್ಸ್ ಬೇಕು, ಅದು ಕಂಪನಿಗಳ ಮಟ್ಟದ ವಿಷಯ.

ಇನ್ನೂ ಒಂದು ವಿಷಯಕ್ಕೆ ನನಗೆ ಸಿಟ್ಟಿದೆ. ನಿಧಿ ತೋರಿಸುವ ಯಂತ್ರ ಅಂತ ಹೇಳಿಕೊಂಡು ಹಳ್ಳಿ ಹಳ್ಳಿ ತಿರುಗುವವರಿದ್ದಾರೆ. ಎರಡು ಕಡ್ಡಿ, ಒಂದು ಡಬ್ಬಿ, ಮೇಲೊಂದು ಆಂಟೆನಾ. ಇಪ್ಪತ್ತು ಅಡಿ ಆಳ, ನೂರು ಅಡಿ ದೂರದ ಬಂಗಾರ ತೋರಿಸುತ್ತೆ ಅನ್ನುತ್ತಾರೆ. ನಮ್ಮ ದೂರದ ಸಂಬಂಧಿಕರೊಬ್ಬರು ಹಸು ಮಾರಿದ ದುಡ್ಡನ್ನು ಇಂಥವರ ಕೈಗೆ ಕೊಟ್ಟು ಕೂತಿದ್ದಾರೆ. ಬಂಗಾರದ ಯಂತ್ರ ಮಾಡೋದರಲ್ಲೇ ಹೆಸರು ಮಾಡಿದ ಕಂಪನಿಯ ಡಿಟೆಕ್ಟರ್‌ಗೆ ಮೂಗುಬೊಟ್ಟು ಸಿಗೋದು ನಾಲ್ಕು ಬೆರಳು ದೂರದಲ್ಲಿ. ಇವರ ಕಡ್ಡಿಗೆ ನೂರು ಅಡಿ ಹೇಗೆ ಸಿಗುತ್ತೆ? ಇಷ್ಟೂ ಸಾಲದು ಅಂತ, ನಿಜವಾಗಿ ನಿಧಿ ಸಿಕ್ಕರೂ ಅದು ತಾನಾಗಿ ಸಿಕ್ಕವರದ್ದಾಗೋದಿಲ್ಲ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಹಾಗಾದರೆ ಕೋಲಾರದಲ್ಲಿ ಕೂತು ಈ ಹವ್ಯಾಸ ಬೇಕು ಅನ್ನುವವರು ಏನು ಮಾಡಬೇಕು? ಕಲ್ಲು ನೋಡೋದು ಕಲಿಯಿರಿ. ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಒಂದು, ಮೆರುಗು ಹಚ್ಚದ ಬಿಳೀ ಟೈಲ್ಸ್ ಚೂರು ಒಂದು, ಅಯಸ್ಕಾಂತ ಒಂದು ಸಾಕು, ಎಲ್ಲ ಸೇರಿ ಒಂದು ಊಟದ ಖರ್ಚು. ಹಳದಿ ಹೊಳೆಯುವ ಕಲ್ಲು ಸಿಕ್ಕರೆ ಟೈಲ್ಸಿನ ಒರಟು ಮೈ ಮೇಲೆ ಉಜ್ಜಿ. ಕಪ್ಪು ಗೆರೆ ಬಿದ್ದರೆ ಅದು ಗಂಧಕ ಸೇರಿದ ಕಬ್ಬಿಣ, ಪೈರೈಟ್. ಬಂಗಾರವಾದರೆ ಗೆರೆಯೂ ಹಳದಿ. ಸೂಜಿಯಿಂದ ಒತ್ತಿದರೆ ಬಂಗಾರ ತಗ್ಗುತ್ತದೆ, ಪೈರೈಟ್ ಪುಡಿಯಾಗುತ್ತದೆ, ಕಾಗೆಬಂಗಾರ ಪದರ ಪದರವಾಗಿ ಏಳುತ್ತದೆ. ಕೆಜಿಎಫ್ ಹತ್ತಿರದ ಪೆದ್ದಪಲ್ಲಿಗೆ ಹೋದರೆ ಹಳೇ ಜ್ವಾಲಾಮುಖಿ ಉಗುಳಿದ ಕಲ್ಲುಗಳ ಗುಡ್ಡೆ ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಅಲ್ಲಿ ಸುತ್ತಿಗೆ ಬೇಡ, ಕಣ್ಣು ಸಾಕು. ಕಾಲ್ಗೂರ್ಲಿಗೆ ಜನ ಸಾವಿರಾರು ಕಿ.ಮೀ.ಯಿಂದ ಕಲ್ಲು ನೋಡೋಕೆ ಬರುತ್ತಾರೆ, ನಮ್ಮವರಿಗೆ ಬೈಕಿನ ದೂರದಲ್ಲಿ ಇರೋದೇ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು.

ಯಂತ್ರಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು, ಅದು ಆ ನೆಲದಲ್ಲಿ ಬಳಸುವವರಿಗೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ತೆಗೆದುಕೊಳ್ಳುವುದಾದರೆ ಅಧಿಕೃತ ಡೀಲರ್ ಹತ್ತಿರವೇ ತೆಗೆದುಕೊಳ್ಳಿ. ಈ ಕಂಪನಿಯ ಹೆಸರಿನಲ್ಲಿ ನಕಲಿ ಯಂತ್ರಗಳು ಬೇರೆ ಬೇರೆ ದೇಶಗಳಲ್ಲಿ ಓಡಾಡುತ್ತಿವೆ, ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮೊದಲು ಸೀರಿಯಲ್ ನಂಬರ್ ಬರೆದುಕೊಂಡು ಕಂಪನಿಗೆ ಕೇಳಿ, ಎರಡೂ ಕಾಯಿಲ್ ಹಾಕಿ ನೋಡಿ, ಕೇಬಲ್ ಕಾಯಿಲ್‌ಗೆ ಸೇರುವ ಜಾಗದಲ್ಲಿ ಬಗ್ಗಿಸಿ ಸದ್ದು ಬರುತ್ತಾ ಪರೀಕ್ಷಿಸಿ. ಒಂದು ಸಣ್ಣ ಉಂಗುರ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ಮಣ್ಣಲ್ಲಿ ಹಾಕಿ ಹುಡುಕಿ ತೋರಿಸಿ ಅಂತ ಕೇಳಿ. ತೋರಿಸೋಕೆ ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ.